ಎರಡನೇ ಸಲದ ನೀರು

ಹೆಂಡತಿಯ ಶವಪೆಟ್ಟಿಗೆಯ ಮುಚ್ಚಳ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ಬಡಗಿ ಅದನ್ನು ಮತ್ತೆ ಬಿಚ್ಚಿ ಉಜ್ಜುಗೊರಡು ಕೈಗೆತ್ತಿಕೊಳ್ಳುವಾಗ ಭಾವಮೈದ ಅಂಗಳಕ್ಕೆ ಬಂದ. ಹಳೇ ಚರ್ಚಿಗೆ ಹೋಗಿಬಂದಿದ್ದ. ಹೋದ ಕೆಲಸ ಕೆಟ್ಟಿದೆ ಎಂದು ಮುಖವೇ ಹೇಳುತ್ತಿತ್ತು.

ಚರ್ಚಿನ ಸ್ಮಶಾನದಲ್ಲಿ ಹೂಳಲು ಪಾದ್ರಿಗಳು ಒಪ್ಪಿರಲಿಲ್ಲ. ಅಕ್ಕ ಕೂಸಾಗಿದ್ದಾಗಲೇ ಆ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿಕೊಂಡವಳು, ನಿಜ. ಆದರೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಗಂಡ ಸೇರಿದ್ದ ಬೇರೆ ಪಂಥದ ಸಭೆಗೆ ಹೋಗಿ ಇನ್ನೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡಳು. ಅಂದರೆ ಮೊದಲಿನದು ಸುಳ್ಳು ಎಂದಂತಾಯಿತಲ್ಲ? ಎರಡನೆಯದು ದೀಕ್ಷಾಸ್ನಾನವೇ ಅಲ್ಲ ಎಂದು ಗಂಡ ಎಲ್ಲರೆದುರು ಹೇಳಿದರೆ ಮಾತ್ರ ಗೇಟು ತೆಗೆಯುತ್ತಾರಂತೆ.

"ಅವಳು ಕೇಳಿದ್ದು ಒಂದೇ, ಭಾವ. ಮಗು ಪಕ್ಕ ಮಲಗಿಸಿ ಅಂತ."

ಬಡಗಿ ಉಜ್ಜುತ್ತಲೇ ಇದ್ದ. ಒಳಗೆ ಸಭೆಯ ಪಾಸ್ಟರು ಪ್ರಾರ್ಥನೆ ನಡೆಸಿದ್ದರು. ಊರಾಚೆ ಸಭೆಯದೇ ಜಾಗವಿದೆ, ಅಲ್ಲಿಗೇ ಒಯ್ಯೋಣ ಎಂದು ಅವರು ಆಗಲೇ ತೀರ್ಮಾನಿಸಿದ್ದರು.

*

ಮಗು ಬದುಕಿದ್ದು ಒಂದು ವಾರ. ಉಸಿರು ಏರುಪೇರಾದಾಗ ಹಳೇ ಚರ್ಚಿನ ಪಾದ್ರಿಗಳು ಮನೆಗೇ ಬಂದು, ತಲೆಗೆ ನೀರು ಹಾಕಿ ಹೆಸರಿಟ್ಟು ಹೋಗಿದ್ದರು. ಮಗುವನ್ನು ಆ ಚರ್ಚಿನ ಸ್ಮಶಾನದಲ್ಲೇ ಮಣ್ಣು ಮಾಡಿದ ಮೇಲೆ ಬಡಗಿ ಮತ್ತೆ ಅತ್ತ ತಲೆ ಹಾಕಲಿಲ್ಲ. ಸಭೆಗೆ ಸೇರಿದ ಹೊಸತರಲ್ಲಿ ದೀಕ್ಷಾಸ್ನಾನದ ತೊಟ್ಟಿಯನ್ನು ತಾನೇ ಮಾಡಿಕೊಟ್ಟ. ಹಲಗೆ ಜೋಡಿಸಿ, ಒಳಗೆ ತಗಡು ಹೊದಿಸಿ, ಒಂದು ಹನಿ ಸೋರದ ಹಾಗೆ. ಯಾರ್ಯಾರೋ ಅದರಲ್ಲಿ ಇಳಿದರು, ಅವನ ಹೆಂಡತಿಯೊಬ್ಬಳು ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಎರಡು ಸಲ ನೆನೆಸಬೇಕಾದ್ದು ರಕ್ತದ ಕಲೆ ಮಾತ್ರ ಎಂದು ನಗುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಅವನು ಪಟ್ಟು ಹಿಡಿದ. ಬುದ್ಧಿ ತಿಳಿಯುವ ಮುಂಚೆ ತಲೆಗೆ ಹಾಕಿದ್ದು ಲೆಕ್ಕಕ್ಕಿಲ್ಲ, ನಂಬಿ ಮುಳುಗಿ ಏಳಬೇಕು ಎಂದ. ಬಡಿಸುತ್ತಿದ್ದ ಅವಳ ಕೈ ನಿಂತಿತು.

"ಹಾಗಾದ್ರೆ ನಮ್ಮ ಮಗೂಗೆ ಹಾಕಿದ್ದು?"

"ಅದೂ ಅಷ್ಟೇ. ಬರೀ ನೀರು."

ಆಡಬಾರದ್ದು ಆಡಿದೆ ಎಂದು ಅವನಿಗೆ ಆಗಲೇ ಹೊಳೆಯಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವನದಲ್ಲ. ಮುಖ ಗಂಟು ಹಾಕಿಕೊಂಡು ಎದ್ದ. ಅಂದಿನಿಂದ ಅವಳು ಬಡಿಸಿದ್ದನ್ನು ಮುಟ್ಟದೆ, ಹೊರಗೇ ಏನಾದರೂ ತಿಂದು ಬರತೊಡಗಿದ. ಇದು ತಿಂಗಳುಗಟ್ಟಲೆ ನಡೆಯಿತು. ಕೊನೆಗೊಂದು ಭಾನುವಾರ ಅವಳು ತಾನಾಗಿ ತೊಟ್ಟಿಗೆ ಇಳಿದಳು. ಸಭೆಯವರು ಚಪ್ಪಾಳೆ ತಟ್ಟಿ ಹಾಡಿದರು. ಅವಳು ತಲೆ ಒರೆಸಿಕೊಂಡು ಗಂಡನ ಹತ್ತಿರ ಬಂದಳು.

"ಈಗ ಊಟ ಮಾಡ್ತೀರಾ?"

*

ಪೆಟ್ಟಿಗೆ ಹೊತ್ತವರೆಲ್ಲ ಸಭೆಯವರು. ದಾರಿ ಕವಲಾಗುವಲ್ಲಿ ಬಡಗಿ ಹಳೇ ಚರ್ಚಿನ ಕಡೆ ತಿರುಗಿದ. ಪಾಸ್ಟರು ಅವನ ತೋಳು ಹಿಡಿದು, ಅಲ್ಲಿ ಹೋಗಿ ಆ ಮಾತು ಹೇಳಿದರೆ ನಮ್ಮ ಪಾಲಿಗೆ ನೀವೂ ಸತ್ತ ಹಾಗೆ ಎಂದು ಮೆಲ್ಲಗೆ ಹೇಳಿದರು. ಅವನು ತೋಳು ಬಿಡಿಸಿಕೊಂಡು ಮುಂದೆ ನಡೆದ; ಪೆಟ್ಟಿಗೆ ಹೊತ್ತವರೂ ಹಿಂದೆ ಬಂದರು.

ಗೇಟಿನೊಳಗೆ ಪಾದ್ರಿಗಳು ನಿಂತಿದ್ದರು. ಗುಂಡಿ ತೋಡುವ ಮುದುಕ ಮಗುವಿನ ಪಕ್ಕದಲ್ಲಿ ಆಗಲೇ ತೋಡಿ ಮುಗಿಸಿದ್ದ. ಒಪ್ಪಿಗೆ ಸಿಕ್ಕಿಲ್ಲವೆಂದು ಅವನಿಗೆ ತಿಳಿಸುವುದು ಯಾರಿಗೂ ನೆನಪಾಗಿರಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿ ಎಂದರು ಪಾದ್ರಿಗಳು. ಬಡಗಿ ಪೆಟ್ಟಿಗೆಯ ಅಂಚಿಗೆ ಕೈಯಿಟ್ಟ.

"ಅದು ದೀಕ್ಷಾಸ್ನಾನ ಅಲ್ಲ ಅಯ್ನೋರೇ. ಅವಳು ದೇವರಿಗೆ ಅಂತ ಮುಳುಗ್ಲಿಲ್ಲ. ನಾನು ಮುಳುಗಿಸಿದ್ದು."

ಹೊತ್ತವರು ಪೆಟ್ಟಿಗೆಯನ್ನು ರಸ್ತೆಯ ಮೇಲಿಳಿಸಿದರು. ಭುಜ ಕೊಡವಿಕೊಂಡು, ಒಬ್ಬರ ಹಿಂದೊಬ್ಬರು ಪಾಸ್ಟರ ಜೊತೆ ನಡೆದುಬಿಟ್ಟರು. ಇಷ್ಟು ವರ್ಷ ಅವನನ್ನು ಅಣ್ಣ ಎಂದು ಕರೆದವರಲ್ಲಿ ಒಬ್ಬನೂ ಹಿಂದಿರುಗಿ ನೋಡಲಿಲ್ಲ. ಆಮೇಲೆ ಪಾದ್ರಿಗಳೇ ನಿಲುವಂಗಿ ಎತ್ತಿ ಸಿಕ್ಕಿಸಿಕೊಂಡು ಒಂದು ಮೂಲೆ ಹಿಡಿದರು. ಮುದುಕ, ಭಾವಮೈದ, ಬಡಗಿ ಉಳಿದ ಮೂರು ಹಿಡಿದರು.

ಹಗ್ಗ ಸಡಿಲಿಸಿ ಪೆಟ್ಟಿಗೆ ಇಳಿಸಿದರು. ಮೊದಲ ಗುದ್ದಲಿ ಮಣ್ಣು ಮುಚ್ಚಳದ ಮೇಲೆ ಧೊಪ್ಪೆಂದು ಬಿತ್ತು. ಬಡಗಿ ಗುಂಡಿಯನ್ನು ಬಳಸಿ ಆಚೆ ಹೋಗಿ, ಮಗುವಿನ ಪುಟ್ಟ ದಿಬ್ಬದ ಪಕ್ಕ ಮಂಡಿಯೂರಿದ. ಸದ್ದಿಗೆ ಬೆಚ್ಚುವ ಕೂಸಿನ ಎದೆಯ ಮೇಲೆ ಇಡುವ ಹಾಗೆ ಎರಡೂ ಅಂಗೈಗಳನ್ನು ಅದರ ಮೇಲಿಟ್ಟು, ಗುಂಡಿ ತುಂಬುವವರೆಗೂ ಒತ್ತಿ ಹಿಡಿದಿದ್ದ.