ದೋಣಿ ಎಂಜಿನ್ನಿನ ವಾರಸುದಾರ

ಇದು ಅಪ್ಪಟ ನಿಜ ಕಥೆ. ನಂಬದವರು ನಮ್ಮ ದ್ವೀಪದ ಸುವಾ ಪಟ್ಟಣದ ಮೀನು ಮಾರುಕಟ್ಟೆಯಲ್ಲಿ ಯಾರನ್ನಾದರೂ ಕೇಳಿ. ಅಲ್ಲಿ ಇದಕ್ಕೆ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ಅಪೆನಿಸನಿಗೆ ಆಗಿದ್ದು ಹೃದಯಾಘಾತವೆಂದು ಡಾಕ್ಟರ್ ರೇಷ್ಮಿ ಹೇಳಿದರು, ರಕ್ತಪರೀಕ್ಷೆ ಹೇಳಿತು, ಎಕ್ಸ್‌ರೇ ಪರದೆಯೂ ಹೇಳಿತು. ಮರಗೆಣಸಿನ ಗ್ಯಾಸು ಎಂದವನು ಅಪೆನಿಸ ಒಬ್ಬನೇ. ಮೂವತ್ತು ವರ್ಷ ರಗ್ಬಿ ರೆಫ್ರಿಯಾಗಿದ್ದವನು. ಸೀಟಿ ಊದಿದ ಮೇಲೆ ತೀರ್ಪು ಬದಲಿಸಿದವನಲ್ಲ, ತಪ್ಪಾಗಿದ್ದರಂತೂ ಖಂಡಿತ ಇಲ್ಲ.

"ನಿನ್ನೆ ಮಣಿಕಟ್ಟಿನಿಂದ ಬಣ್ಣ ಬಿಟ್ಟು ಫೋಟೋ ತೆಗೆದ್ರಿ, ತೆಪ್ಪಗಿದ್ದೆ. ಇವತ್ತು ಎದೆಯೊಳಗೆ ಬಲೂನು ಊದ್ತೀರಾ? ಅದೇನು ಹುಟ್ಟುಹಬ್ಬದ ಮನೆನಾ? ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲ್ಲ, ಮನೆಗೆ ಹೋಗ್ತೀನಿ."

ಆಸ್ಪತ್ರೆಯ ಎಕ್ಸ್‌ರೇ ಯಂತ್ರ ನಡೆಸುವ ವೈಸಾಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಹೃದಯದ ಮುಖ್ಯ ನಾಳ ದಾರದಷ್ಟು ಸಣ್ಣಗಾಗಿದ್ದನ್ನು ಅವನೇ ಪರದೆಯಲ್ಲಿ ನೋಡಿದ್ದ. ಹೀಗೇ ಮನೆಗೆ ಹೋದರೆ ಅಪೆನಿಸ ಮುಂದಿನ ಭಾನುವಾರ ಚರ್ಚಿಗೆ ಮಲಗಿಕೊಂಡೇ ಬರುತ್ತಾನೆ.

ಅವರಿಬ್ಬರ ಊರುಗಳು ತೌವು, ಅಂದರೆ ಒಂದೇ ಮೂಲಪುರುಷನ ಸಂತಾನ. ತೌವುಗಳು ಒಬ್ಬರನ್ನೊಬ್ಬರು ಹೇಗೆ ಬೇಕಾದರೂ ಬೈಯಬಹುದು, ಬೇಕೆನಿಸಿದ್ದನ್ನು ಕೇಳಿ ಒಯ್ಯಬಹುದು. ಕೋಪಿಸಿಕೊಳ್ಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ವೈಸಾಕೆ ಹೆಗಲಿಗೆ ಟವೆಲ್ ಇಳಿಬಿಟ್ಟು, ಊರ ಪಾದ್ರಿಯ ಮೂಗಿನ ರಾಗ ತೆಗೆದ: "ಪ್ರಿಯ ಸೋದರರೇ... ಈ ಪೆಟ್ಟಿಗೇಲಿ ಮಲಗಿರೋ ಅಪೆನಿಸ... ಎರಡು ಕಣ್ಣಿದ್ದೂ ಒಂದು ಫೌಲೂ ಕಾಣದ ಪುಣ್ಯಾತ್ಮ..."

ವಾರ್ಡಿಗೆ ವಾರ್ಡೇ ಕಿಸಕ್ಕೆಂದಿತು.

"ಬಾಯ್ಮುಚ್ಚೋ, ಬಾವಲಿ ತಿನ್ನೋ ಊರಿನವನೇ!"

"ಸಹಿ ಹಾಕ್ಬೇಡಪ್ಪಾ, ನಿನ್ನ ದಮ್ಮಯ್ಯ. ನಿನ್ನ ದೋಣಿ ಎಂಜಿನ್ನು ನಂಗೆ ಬೇಕು, ಈಗ್ಲೇ ಕೇಳಿದೀನಿ. ನಿನ್ನ ಸಾವಿನೂಟದ ಹಂದೀನೂ ನಾನೇ ಕೊಯ್ತೀನಿ. ತಲೆ ನಂದು."

ಅಪೆನಿಸನ ಕತ್ತಿನ ನರ ಉಬ್ಬಿತು. "ನನ್ನ ಸಾವಿನೂಟ ನೀನು ಉಣ್ತೀಯಾ? ಡಾಕ್ಟ್ರಮ್ಮಾ, ಎಲ್ಲಿ ಕಾಗದ?"

ಗಂಟೆಯೊಳಗೆ ಅಪೆನಿಸ ಮೇಜಿನ ಮೇಲೆ, ವೈಸಾಕೆ ಗಾಜಿನಾಚೆ. ತಂತಿ ಮಣಿಕಟ್ಟಿನಿಂದ ಹೃದಯ ಮುಟ್ಟಿತು. ಬಲೂನು ಉಬ್ಬಿದಾಗ ಅಪೆನಿಸ ನರಳಿದ. ಪರದೆಯ ಮೇಲೆ ಹೃದಯಬಡಿತದ ಗೆರೆ ದಾರಿ ತಪ್ಪಿ ಕುಣಿಯಿತು. ಊರನ್ನೆಲ್ಲ ಅಣಕಿಸುವ ವೈಸಾಕೆ ಆಗ ಅಣಕ ಬಿಟ್ಟು ಎರಡೂ ಅಂಗೈಗಳನ್ನು ಗಾಜಿಗೊತ್ತಿ ನಿಂತ.

ಬಲೂನು ಇಳಿಯಿತು. ಸ್ಟೆಂಟ್ ಕೂತಿತು. ದಾರದಂತಿದ್ದ ನಾಳ ಮೈದುಂಬಿ ಹರಿಯಿತು, ಗೆರೆ ಮರ್ಯಾದೆಯಾಗಿ ನಡೆಯತೊಡಗಿತು.

ವೈಸಾಕೆ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಜೇಬಿನ ಫೋನು ಗುಯ್‌ಗುಟ್ಟಿತು. ಓದಿ, ಮೈಕಿನಲ್ಲಿ ಮತ್ತೆ ಪಾದ್ರಿಯಾದ: "ಬದುಕಿಬಿಟ್ಟೆಯಲ್ಲೋ ಪಾಪಿ... ಹಂದಿ ಕೈತಪ್ಪಿತು. ಎಂಜಿನ್ನು ಮಾತ್ರ, ನಾನು ಆಗ್ಲೇ ಹೇಳಿಕಳಿಸಿದ್ದಕ್ಕೆ, ನಮ್ಮ ತಮ್ಮಂದಿರು ಈಗಷ್ಟೇ ಬಿಚ್ಕೊಂಡು ಹೋದ್ರಂತೆ."

ಕೋಣೆಯಲ್ಲಿ ನಗೆಯೆದ್ದಿತು. ಅಪೆನಿಸ ಗಾಜಿನ ಕಡೆಗೆ ಕತ್ತು ಹೊರಳಿಸಿದ.

"ಎಷ್ಟು ಜನ ಹೊತ್ರು?"

"ಮೂವರು. ಕೆಸರಲ್ಲಿ ಮೊಣಕಾಲುದ್ದ ಹೂತುಹೋಗಿ, ಒಂದು ಮೈಲಿ."

"ಅದರ ಪೆಟ್ರೋಲ್ ಕೊಳವೆ ಕಟ್ಟಿಹೋಗಿ ಮೂರು ತಿಂಗಳಾಯ್ತು ಕಣೋ! ಡಾಕ್ಟ್ರಮ್ಮಾ, ತಂತಿ ಮಿಕ್ಕಿದ್ರೆ ಇವನಿಗೊಂದು ಕೊಡಿ!"

"ಕೈ ಅಲ್ಲಾಡಿಸ್ಬೇಡಿ, ರಕ್ತ ಬರುತ್ತೆ!" ರೇಷ್ಮಿ ಮಣಿಕಟ್ಟು ಒತ್ತಿ ಹಿಡಿದು ಗದರಿದರು.

ಕೈ ಅಲ್ಲಾಡಲಿಲ್ಲ. ಮಿಕ್ಕ ನೂರಿಪ್ಪತ್ತು ಕಿಲೋ ಅಪೆನಿಸ ಮಾತ್ರ, ಮೇಜು ಕಿರುಗುಟ್ಟುವಂತೆ, ಎಲ್ಲರ ನಗುವನ್ನೂ ಮುಳುಗಿಸಿ ನಗುತ್ತಿದ್ದ.