ಮಾವ ನೋಡಿದ ಕಂದು ಬಣ್ಣ

ನಮ್ಮ ಸೋದರಮಾವನಿಗೆ ಯಾವುದನ್ನಾದರೂ ಮುಟ್ಟಬೇಡಿ ಎಂದರೆ ಮುಗಿಯಿತು, ಕೈ ಅಲ್ಲಿಗೇ ಹೋಗುತ್ತದೆ.

ಅವರ ದೊಡ್ಡ ಕರುಳಿನಿಂದ ತೆಗೆದ ಕ್ಯಾನ್ಸರ್ ಗಡ್ಡೆಯ ಚೂರು ನಾನು ಕೆಲಸ ಮಾಡುವ ಲ್ಯಾಬಿಗೇ ಬಂದಿತ್ತು. ಜೀವಕೋಶದೊಳಕ್ಕೆ ಸಕ್ಕರೆ ಸಾಗಿಸುವ ಪ್ರೋಟೀನ್ ಒಂದಿದೆ. ಅದು ಇರುವ ಕಡೆ ಕಂದಾಗುವಂತೆ ನಾವು ಬಣ್ಣ ಹಾಕುತ್ತೇವೆ. ಗಡ್ಡೆ ಕಡು ಕಂದಾದರೆ ಅದಕ್ಕೆ ಸಕ್ಕರೆಯ ಹಪಾಹಪಿ ಹೆಚ್ಚು, ರೋಗ ಮರಳುವ ಭಯವೂ ಹೆಚ್ಚು. ಇಷ್ಟನ್ನೂ ಮಾವನಿಗೆ ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗ ಜಡಿಯಬೇಕು.

ಅವತ್ತು ಅವರು ಲ್ಯಾಬಿಗೇ ಬಂದು ಕೂತರು. ಅವರ ಚೂರಿದ್ದ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟಿದ್ದ ನಮ್ಮ ಲ್ಯಾಬಿನ ಡಾಕ್ಟರಮ್ಮ ಫೋನ್ ಬಂತೆಂದು ಎದ್ದು ಹೋದರು, ನಾನು ಪಕ್ಕದ ಕೋಣೆಯಲ್ಲಿದ್ದೆ. ಮಾವ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಕಂಡದ್ದೆಲ್ಲ ಕಡು ಕಂದು. ಹೇಳದೆ ಕೇಳದೆ ಮನೆಗೆ ಹೊರಟುಹೋದರು.

ಹೋದವರು ಸುಮ್ಮನೆ ಮಲಗಿದರೇ? ಇನ್ನು ನನ್ನ ಕಥೆ ಮುಗಿಯಿತೆಂದು ಅತ್ತೆಗೆ ಹೇಳಿ, ಒಳ್ಳೆಯ ಕೋಟನ್ನು ತಮ್ಮನಿಗೆ ಕೊಟ್ಟರು. ಆಮೇಲೆ ಬೀದಿಯ ಮೂಲೆಯ ಗಡಿಯಾರ ರಿಪೇರಿಯವನ ಬಳಿ ಹೋದರು. ಅವನು ಹೆಂಡತಿ ಸತ್ತ ಒಂಟಿ ಮನುಷ್ಯ. "ನಾನು ಹೋದ ಮೇಲೆ ನನ್ನ ಹೆಂಡತಿಯನ್ನು ನೀವು ಮದುವೆಯಾಗಿ, ಮನೆಗೆ ಬಂದು ಮಾತಾಡಿ" ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ನಮ್ಮ ಮಾವ ಉಸಿರಾಡುತ್ತಲೇ ಹೆಂಡತಿಗೆ ಗಂಡು ಗೊತ್ತುಮಾಡಿದ್ದರು.

ಇತ್ತ ಡಾಕ್ಟರಮ್ಮ ವಾಪಸಾಗಿ ಗಾಜಿನ ಪಟ್ಟಿಯನ್ನು ಸರಿಸಿ ನೋಡಿದರು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯಲು ಪ್ರತಿ ಪಟ್ಟಿಯ ತುದಿಯಲ್ಲೂ ನಾವು ಆ ಪ್ರೋಟೀನ್ ಇದೆಯೆಂದು ಮೊದಲೇ ಗೊತ್ತಿರುವ ಬೇರೆ ಯಾರದೋ ಚೂರು ಇಡುತ್ತೇವೆ. ಅದು ಕಂದಾಗಲೇಬೇಕು. ಮಾವ ನೋಡಿದ್ದು ಅದನ್ನು. ಅವರ ಸ್ವಂತ ಗಡ್ಡೆಯ ಚೂರು ಕಂದಾಗದೆ ಬಿಳಿಚಿಕೊಂಡಿತ್ತು. ಆಣೆ ಇಟ್ಟು ಹೇಳಲಾಗದು, ಆದರೆ ಒಳ್ಳೆಯ ಲಕ್ಷಣವೇ ಎಂದರು ಡಾಕ್ಟರಮ್ಮ. ಮಾವ ಫೋನ್ ಎತ್ತಲಿಲ್ಲ. ಸಂಜೆ ಕೆಲಸ ಬಿಟ್ಟೊಡನೆ ಬೈದುಕೊಳ್ಳುತ್ತ ಅವರ ಮನೆಗೆ ಓಡಿದೆ.

ಅಲ್ಲಿ ಗಡಿಯಾರದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕುರ್ಚಿಯ ತುದಿಯಲ್ಲಿ ಕೂತಿದ್ದ. ನಾನು ವಿಷಯ ಹೇಳಿದೆ. ಪಾಪ, ಸಂತೋಷ ಪಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ನಮಸ್ಕಾರ ಮಾಡಿ ಎದ್ದು ಹೋದ.

ಮಾವ ನಗುತ್ತ ಅತ್ತೆಯ ಕಡೆ ತಿರುಗಿದರು. ಅತ್ತೆ ನಗಲಿಲ್ಲ.

"ನನ್ನನ್ನ ಯಾರ ಕೈಗೆ ಒಪ್ಪಿಸ್ಬೇಕು ಅಂತ ಯೋಚನೆ ಮಾಡಿದ್ರಲ್ಲ," ಎಂದರು, "ನನ್ನ ಪಕ್ಕ ಕೂತು ಒಂದ್ಸಲ ಅತ್ತುಬಿಡ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಮಾವನ ನಗು ನಿಂತಿತು.

"ತುಂಬಾ ಹೆದರಿಕೆ ಆಗಿತ್ತು ಕಣೇ," ಎಂದವರು ಅತ್ತೆಯ ಪಕ್ಕದಲ್ಲಿ ಕೂತು ಮಗುವಿನ ಹಾಗೆ ಅತ್ತರು.