ಹನ್ನೊಂದು ಗಂಟೆಯ ಉಪ್ಪು

ಅದರ ಹೆಸರು ಸರಳು. ಕೆಲಸ ಮಾತ್ರ ಸರಳವಲ್ಲ. ಹನ್ನೆರಡು ಕಿಲೋ ಕುರಿಯನ್ನು ಅದಕ್ಕೆ ಪೋಣಿಸಿ ಕೆಂಡದ ಮೇಲೆ ನಾಲ್ಕು ಗಂಟೆ ತಿರುಗಿಸಬೇಕು. ಒಂದು ಪಕ್ಕ ಭಾರವಾದರೆ ಮೋಟರು ಮುನಿಸಿಕೊಳ್ಳುತ್ತದೆ. ಮೂವತ್ತು ವರ್ಷ ಈ ಹೋಟೆಲಿನಲ್ಲಿ ಆ ಮುನಿಸನ್ನು ಸಂಭಾಳಿಸಿದವರು ಮಾವ. ಈಗ ಅವರ ಭುಜ ಮೇಲೇಳುವುದಿಲ್ಲ. ಮೂಗು ಮಾತ್ರ ಕೆಳಗಿಳಿದಿಲ್ಲ.

"ನೋಡಮ್ಮ," ಎಂದಿದ್ದರು ಸೊಸೆಗೆ, "ಮಧ್ಯಾಹ್ನಕ್ಕೆ ಕುರಿ ಹದವಾಗಿ ಬೆಂದ್ರೆ ಈ ಒಲೆ ನಿಂದು. ಸುಟ್ರೆ ಸೋಮವಾರದಿಂದ ಹೊರಗಿನ ಅಡುಗೆಯವನು ಬರ್ತಾನೆ. ನೀನು ಈರುಳ್ಳಿ ಹೆಚ್ಚು."

"ಆರು ವರ್ಷದಿಂದ ಹೆಚ್ತಾನೇ ಇದ್ದೀನಿ ಮಾವ. ನನ್ನ ಮರ್ಯಾದೆ ಹೆಚ್ಚಲಿಲ್ಲ."

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು.

ಕುರಿಯ ಕಾಲುಗಳನ್ನು ತಂತಿಯಿಂದ ಬಿಗಿದು, ಸರಳನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಸೊಸೆ ಕೈಬಿಟ್ಟಳು. ಬೆನ್ನಿನ ಕೊಬ್ಬು ಧೊಪ್ಪನೆ ಕೆಳಕ್ಕೆ ತಿರುಗಿತು. ಸರಳಿನಿಂದ ಹೊಟ್ಟೆಯ ಕಡೆಗೆ ಚಾಚಿದ ಅಡ್ಡಕಂಬಿಗೆ ಕಬ್ಬಿಣದ ಗುಂಡು ಸಿಕ್ಕಿಸಿ ತಿರುಪು ಬಿಗಿದಳು. ಈಗ ಹೇಗೆ ತಿರುಗಿಸಿಟ್ಟರೂ ಕುರಿ ಅಲ್ಲೇ ನಿಂತಿತು. ಮಾವ ಒಂದು ಬೆರಳಿನಿಂದ ತಳ್ಳಿ ನೋಡಿದರು. ತಪ್ಪು ಸಿಗದೆ ಸಪ್ಪಗಾದರು.

ಒಂಬತ್ತಕ್ಕೆ ಸರಳು ಕೆಂಡದ ಮೇಲೇರಿತು. ಎರಡು ಗಂಟೆ ಮೋಟರು ಜೋಗುಳ ಹಾಡಿತು. ಹನ್ನೊಂದಕ್ಕೆ ದನಿ ಕೆಟ್ಟಿತು. ಗುಂಯ್... ಗುಂಯ್ಯ್... ಗಕ್. ಕುರಿ ಮೇಲೇರುವಾಗ ಏದುಸಿರು ಬಿಡುತ್ತಿತ್ತು, ಇಳಿಯುವಾಗ ದಬಕ್ಕನೆ ಉರುಳುತ್ತಿತ್ತು. ಸುಟ್ಟ ವೈರಿನ ವಾಸನೆ ಬಂತು.

ಸೊಸೆ ಮಾವನ ಮುಖ ನೋಡಿದಳು. ಮಾವ ಛಾವಣಿ ನೋಡಿದರು.

ತೂಕ ಸಾಲದೇನೋ! ಅವಳು ಇನ್ನೊಂದು ಗುಂಡನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು.

"ಎಲ್ಲಿಗತ್ತೆ?"

"ಹನ್ನೊಂದಾಯ್ತಲ್ಲ, ಉಪ್ಪು ತರೋಕೆ."

"ಇಲ್ಲೇ ಡಬ್ಬಿ ತುಂಬಾ ಇದೆಯಲ್ಲ!"

"ಇದ್ರೂ ತರಿಸ್ತಾರಮ್ಮ ಇವರು. ದಿನಾ ಇದೇ ಹೊತ್ತಿಗೆ. ನಿನ್ನನ್ನೂ ಸೌದೆಗೆ ಓಡಿಸ್ತಿರಲಿಲ್ವಾ?"

ಗುಂಡು ಹಿಡಿದ ಕೈ ಹಾಗೇ ನಿಂತಿತು. ಹೌದು, ಓಡಿಸುತ್ತಿದ್ದರು. ಎಲ್ಲರನ್ನೂ ಹೊರಗಟ್ಟಿ ಇಲ್ಲಿ ಒಬ್ಬರೇ ಏನು ಮಾಡುತ್ತಿದ್ದರು?

ಅವಳು ಬಗ್ಗಿ ನೋಡಿದಳು. ಕೆಳಗಿನ ತಟ್ಟೆಯಲ್ಲಿ ಕರಗಿದ ಕೊಬ್ಬು ತುಳುಕುತ್ತಿತ್ತು. ಬೆನ್ನು ಹಗುರಾಗಿತ್ತು. ಬೆಳಗ್ಗೆ ಸರಿಯಿದ್ದ ಗುಂಡೇ ಈಗ ಹೊರೆ.

ಕೈಯಲ್ಲಿದ್ದದ್ದನ್ನು ಎಸೆದು ಮೋಟರು ಆರಿಸಿದಳು. ನಿಂತ ಕುರಿಯಿಂದ ಒಂದೇ ಕಡೆ ಕೊಬ್ಬು ಸುರಿದು ಬೆಂಕಿ ಭಗ್ಗೆಂದಿತು. ಒದ್ದೆ ಬಟ್ಟೆ ಸುತ್ತಿದರೂ ತಿರುಪು ಬೆರಳು ಸುಟ್ಟಿತು. ಒಂದು ಸುತ್ತು ಜಾರಿತು, ಎರಡನೆಯದಕ್ಕೆ ಸಡಿಲವಾಯಿತು. ಗುಂಡನ್ನು ಕಂಬಿಯ ಮೇಲೆ ನಾಲ್ಕು ಬೆರಳು ಒಳಕ್ಕೆ, ಸರಳಿನ ಹತ್ತಿರಕ್ಕೆ ಸರಿಸಿ ಬಿಗಿದಳು. ಜ್ವಾಲೆ ಮಾಂಸ ನೆಕ್ಕುವ ಮೊದಲೇ ಸ್ವಿಚ್ ಒತ್ತಿದಳು.

ಗುಂಯ್ಯ್ಯ್... ಏರುವಾಗಲೂ ಇಳಿಯುವಾಗಲೂ ಒಂದೇ ದನಿ.

ಅತ್ತೆ ತಟ್ಟೆ ನೋಡಿದರು, ಗುಂಡು ನೋಡಿದರು, ಕೊನೆಗೆ ಗಂಡನನ್ನು ನೋಡಿದರು. "ಅಂದ್ರೆ ಮೂವತ್ತು ವರ್ಷ ನನ್ನ ಮಂಡಿ ಸವೆಸಿದ್ದು ಈ ಗುಂಡು ಸರಿಸೋ ಗುಟ್ಟಿಗೇನ್ರೀ?"

ಕರಗಿದ ಕೊಬ್ಬು ಕುರಿಯದ್ದು ಮಾತ್ರವಲ್ಲ. ಮಾವ ಮೊಳೆಗೆ ನೇತುಹಾಕಿದ್ದ ತಮ್ಮ ದಪ್ಪ ಕೈಗವಸುಗಳನ್ನು ತೆಗೆದು ಸೊಸೆಯ ಮುಂದಿಟ್ಟರು. "ನಾಳೆಯಿಂದ ಇದು ಹಾಕ್ಕೊ. ಬೆರಳು ಸುಟ್ಕೋಬೇಡ." ಆಮೇಲೆ ಬಾಗಿಲ ಕಡೆ ನಡೆದರು.

"ನೀವೆಲ್ಲಿಗೆ?" ಎಂದರು ಅತ್ತೆ.

"ಉಪ್ಪು ತರೋಕೆ."